‘ಜವಾನ’ ಪದದ ಬಹುವಚನ

ಸಾಗರದ ಆ ಬಡಾವಣೆಯ ನಾಲ್ಕನೆಯ ಅಡ್ಡರಸ್ತೆಯಲ್ಲಿ ಹನ್ನೊಂದು ಮನೆಗಳಿವೆ. ಅವುಗಳಲ್ಲಿ ಒಂಬತ್ತರ ಗೇಟಿನ ಮೇಲೆ ‘ನಿವೃತ್ತ’ ಎಂಬ ಪದವಿದೆ. ನಿವೃತ್ತ ಪ್ರಾಂಶುಪಾಲರು, ನಿವೃತ್ತ ಉಪವಲಯ ಅರಣ್ಯಾಧಿಕಾರಿ, ನಿವೃತ್ತ ಕನ್ನಡ ಪಂಡಿತರು, ಹೀಗೆ. ಹತ್ತನೆಯ ಮನೆಯವರು ಇನ್ನೂ ಕೆಲಸದಲ್ಲಿದ್ದಾರೆ. ಅವರನ್ನು ಬೀದಿಯವರು ಸ್ವಲ್ಪ ಕನಿಕರದಿಂದ ನೋಡುತ್ತಾರೆ. ಹನ್ನೊಂದನೆಯ ಮನೆ ಕೆರಿಯಪ್ಪನದು. ಮೂವತ್ತಾರು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಜವಾನನಾಗಿದ್ದು, ಮೇ ತಿಂಗಳ ಕೊನೆಯ ದಿನ ನಿವೃತ್ತನಾದ ಕೆರಿಯಪ್ಪನ ಗೇಟಿನ ಮೇಲೆ ‘ನಾಯಿ ಇದೆ’ ಎಂದು ಮಾತ್ರ ಬರೆದಿತ್ತು. ನಾಯಿ ಸತ್ತು ನಾಲ್ಕು ವರ್ಷವಾಗಿತ್ತು.

ಅದು ಯಾವ ಇಲಾಖೆಯ ಕಚೇರಿ ಎಂದು ಹೇಳುವುದು ಬೇಡ. ಎಲ್ಲ ಕಚೇರಿಗಳಲ್ಲಿ ಇರುವಂತೆ ಅಲ್ಲಿಯೂ ಒಂದು ಕರೆಗಂಟೆ ಇತ್ತು, ಒಂದು ನೀರಿನ ಜಗ್ಗು ಇತ್ತು. ಅವೆರಡರ ನಡುವೆ ಕೆರಿಯಪ್ಪ ಇದ್ದ.

ಅವನು ನಿವೃತ್ತನಾದ ದಿನವೇ ಕಚೇರಿಯ ಸಾಹೇಬರಿಗೂ ವರ್ಗವಾಗಿತ್ತು. ಸಾಹೇಬರ ಬೀಳ್ಕೊಡುಗೆಗೆ ಕುರ್ಚಿ ಹಾಕಿದವನು ಕೆರಿಯಪ್ಪ. ಹಾರ ತಂದವನು, ಮೈಕಿನವನಿಗೆ ಮೂರು ಸಲ ಫೋನ್ ಮಾಡಿದವನು ಅವನೇ. ಎಂಟು ಜನ ಭಾಷಣ ಮಾಡಿದರು. ವಂದನಾರ್ಪಣೆಯೂ ಮುಗಿದ ಮೇಲೆ ಹೆಡ್ ಕ್ಲರ್ಕಿಗೆ ನೆನಪಾಯಿತು.

“ಹೋ, ನಮ್ಮ ಕೆರಿಯಪ್ಪಂದೂ ಇವತ್ತೇ ಅಲ್ವನಾ?”

ಅಷ್ಟರಲ್ಲಿ ಮೈಕಿನವನು ವಯರು ಪೂರ್ತಿ ಸುತ್ತಿ ಚೀಲಕ್ಕೆ ಹಾಕಿಯಾಗಿತ್ತು. ಆಮೇಲೆ ಯಾರೋ ಅವನ ಕೈಗೆ ಉಳಿದ ಮೈಸೂರುಪಾಕಿನ ಡಬ್ಬಿ ಕೊಟ್ಟರು. ಕೆರಿಯಪ್ಪ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿ, ಕಚೇರಿಗೆ ಬೀಗ ಹಾಕಿ ಮನೆಗೆ ಹೋದ.

ಹೆಂಡತಿ ಯಮುನಮ್ಮ ಬಾಗಿಲಲ್ಲೇ ಕೇಳಿದಳು. “ಎಂತ ಹೇಳಿದ್ರು ನಿಮ್ಮ ಬಗ್ಗೆ?”

“ಟೈಮ್ ಆಗಿಹೋಗಿತ್ತು.”

“ಮೂವತ್ತಾರು ವರ್ಷ ಸಾಕಾಗ್ಲಿಲ್ವಾ ಅವ್ರಿಗೆ ಟೈಮು?”

“ಶಾಲು ಬೇಡ ಮಾರಾಯ್ತಿ, ಹಾರ ಬೇಡ,” ಎಂದ ಕೆರಿಯಪ್ಪ, ಡಬ್ಬಿಯನ್ನು ಅವಳ ಕೈಗಿಡುತ್ತಾ. “ಒಂದೇ ಒಂದು ಮಾತು. ಮೈಕಲ್ಲಿ. ಅಷ್ಟು ಸಾಕಿತ್ತು ನಂಗೆ.”

ಹದಿನೈದು ದಿನದ ಮೇಲೆ ಅವನು ಮರದ ಕೆತ್ತನೆ ಮಾಡುವ ಶಿವುವಿನ ಅಂಗಡಿಗೆ ಹೋಗಿ ತನಗೂ ಒಂದು ಬೋರ್ಡು ಬೇಕೆಂದ. ಬೇರೆಯವರು ಹೇಳದಿದ್ದರೆ ಬೇಡ, ತನ್ನ ಗೇಟು ಹೇಳಲಿ ಎನ್ನುವುದು ಅವನ ಲೆಕ್ಕ. ಶಿವುವಿನಲ್ಲಿ ಇದ್ದದ್ದು ಒಂದು ಗಿಡ್ಡ ಹಲಗೆ.

“ಗ್ರೂಪ್ ಡಿ ನೌಕರ ಅನ್ನೋದೆಲ್ಲ ಇದ್ರಲ್ಲಿ ಹಿಡಿಯಲ್ಲ ಕೆರಿಯಣ್ಣ. ಚಿಕ್ಕದು ಎಂತಾದ್ರೂ ಹೇಳಿ.”

“ಹಂಗಾದ್ರೆ ಜವಾನ ಅಂತ ಹಾಕು. ಹಳೇ ಹೆಸ್ರು. ನಾ ಸೇರಿದಾಗ ಆರ್ಡರಲ್ಲಿ ಹಂಗೇ ಇತ್ತು.”

ಹೀಗೆ ಗೇಟಿನ ಮೇಲೆ, ಎರಡು ಪುಟ್ಟ ಆನೆಗಳ ನಡುವೆ, ‘ಕೆರಿಯಪ್ಪ, ನಿವೃತ್ತ ಜವಾನ’ ಎಂಬ ಅಕ್ಷರಗಳು ಮೂಡಿದವು.

ಮೊದಲ ಆಕ್ಷೇಪಣೆ ಎದುರುಮನೆಯಿಂದ ಬಂತು. ನಿವೃತ್ತ ಕನ್ನಡ ಪಂಡಿತ ಮುಕುಂದಯ್ಯನವರು ಬೀದಿ ದಾಟಿ ಬಂದು, ಕನ್ನಡಕ ಏರಿಸಿ, ಬೋರ್ಡನ್ನು ಎರಡು ಸಲ ಓದಿದರು.

“ಕೆರಿಯಪ್ಪ, ಇದು ವಿರೋಧಾಭಾಸ ಮಾರಾಯ.”

“ಆನೆ ಶಿವು ಸುಮ್ನೆ ಹಾಕಿದ್ದು ಪಂಡಿತ್ರೇ.”

“ಆನೆ ಅಲ್ಲ. ಜವಾನ ಅನ್ನೋದು ಪಾರಸಿ ಮಾತು. ತರುಣ, ಹರೆಯದವನು ಅಂತ ಅರ್ಥ. ನಮ್ಮ ‘ಯುವ’ ಇದೆಯಲ್ಲ, ಅದೂ ಇದೂ ಒಂದೇ ಬೇರಿನವು, ಅಣ್ಣತಮ್ಮಂದಿರು. ನಿವೃತ್ತ ತರುಣ ಅಂತ ಬೋರ್ಡ್ ಹಾಕಿದೀಯ ನೀನು.”

ಕೆರಿಯಪ್ಪ ಸ್ವಲ್ಪ ಯೋಚಿಸಿದ. “ಅರವತ್ತಾಯ್ತಲ್ಲ ಪಂಡಿತ್ರೇ. ತರುಣ ನಿವೃತ್ತ ಆಗಿದ್ದು ಹೌದೇ ಅಲ್ವಾ?”

ಒಳಗಿನಿಂದ ಯಮುನಮ್ಮ, “ಅದಾಗಿ ಬಹಳ ವರ್ಷ ಆಯ್ತು,” ಎಂದಳು. ಮುಕುಂದಯ್ಯನವರು ವಾದವನ್ನು ಅಲ್ಲಿಗೇ ಬಿಟ್ಟು ಕಾಫಿ ಕುಡಿದು ಹೋದರು.

ಇತ್ತ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಕೋಣಂದೂರಿನಿಂದ ಒಳಗೆ ನಾಲ್ಕು ಮೈಲಿ ದೂರದ ಗುಬ್ಬಿಗದ್ದೆಯಲ್ಲಿ, ಬೇರೊಂದು ಭಾಷಾ ಸಮಸ್ಯೆ ಎದ್ದಿತ್ತು. ಅಲ್ಲಿಯ ಯುವಕ ಸಂಘದವರು ಆಗಸ್ಟ್ ಹದಿನೈದರ ಸಮಾರಂಭಕ್ಕೆ ಫ್ಲೆಕ್ಸಿನ ನಮೂನೆ ಮಾಡಿಸಿಬಿಟ್ಟಿದ್ದರು. ‘ಜವಾನರಿಗೆ ನಮನ’ ಎಂದು ಮೇಲೆ, ಫೋಟೋಗಳಿಗಾಗಿ ಎರಡು ವೃತ್ತ ಕೆಳಗೆ. ಆದರೆ ಊರಿನಲ್ಲಿ ಸೇನೆಯಿಂದ ಬಂದವರು ಸುರೇಂದ್ರ ಒಬ್ಬರೇ. ಜವಾನನಿಗೆ ಎಂದು ತಿದ್ದಿದರೆ ಸುರೇಂದ್ರರಿಗೆ ಅಗೌರವ. ಜವಾನರಿಗೆ ಎಂದೇ ಇಟ್ಟು ಅದು ಗೌರವದ ಬಹುವಚನ ಎನ್ನಬಹುದಿತ್ತು. ಆದರೆ ಎರಡನೆಯ ವೃತ್ತಕ್ಕೆ ಏನೆನ್ನುವುದು? ಸಂಘದ ಕಾರ್ಯದರ್ಶಿ ಪೂರ್ಣೇಶ ಈ ಚಿಂತೆಯಲ್ಲೇ, ನೆನಪಿನ ಕಾಣಿಕೆಗೆ ಗಂಧದ ಮರದ ಕೆತ್ತನೆ ನೋಡಲು ಸಾಗರಕ್ಕೆ ಬಂದವನು, ನಾಲ್ಕನೆಯ ಅಡ್ಡರಸ್ತೆಯಲ್ಲಿ ಹಾದು ಆಚೆ ಬಡಾವಣೆಯ ಚಿಕ್ಕಮ್ಮನ ಮನೆಗೆ ಊಟಕ್ಕೆ ಹೊರಟ. ಹನ್ನೊಂದನೆಯ ಗೇಟಿನ ಮುಂದೆ ಅವನ ಬೈಕು ತಾನಾಗಿಯೇ ನಿಂತಿತು.

“ಸರ್, ಇಲ್ಲಿ ನಿವೃತ್ತ ಜವಾನರು ಅಂದ್ರೆ?”

“ನಾನೇ,” ಎಂದ ಕೆರಿಯಪ್ಪ. ಕೈಯಲ್ಲಿ ಪೈಪಿತ್ತು, ದಾಸವಾಳಕ್ಕೆ ನೀರು ಬಿಡುತ್ತಿದ್ದ.

ಪೂರ್ಣೇಶ ಗೇಟಿನ ಹೊರಗೇ ಚಪ್ಪಲಿ ಬಿಟ್ಟ. ಮೂವತ್ತಾರು ವರ್ಷದಲ್ಲಿ ಕೆರಿಯಪ್ಪನ ಎದುರು ಯಾರೂ ಚಪ್ಪಲಿ ಬಿಟ್ಟಿರಲಿಲ್ಲ. ಅವನು ಪೈಪನ್ನು ಹಾಗೇ ಹಿಡಿದು ನಿಂತ. ದಾಸವಾಳದ ಬುಡ ಕೆರೆಯಾಯಿತು.

“ಎಷ್ಟು ವರ್ಷ ಸರ್ವೀಸು ಸರ್?”

“ಮೂವತ್ತಾರು. ಶುರುವಲ್ಲೇ ಆಚೆ ಕಡೆ ಹಾಕಿದ್ರು, ಏಳು ವರ್ಷ. ಬೆಳಿಗ್ಗೆ ದಾಟೋದು, ಸಂಜೆ ಈಚೆ ಬರೋದು.”

ಕೆರಿಯಪ್ಪ ಹೇಳಿದ್ದು ತುಮರಿಯ ವಿಷಯ. ಆಗ ಸೇತುವೆ ಇರಲಿಲ್ಲ, ಶರಾವತಿಯ ಹಿನ್ನೀರನ್ನು ಲಾಂಚಿನಲ್ಲಿ ದಾಟಬೇಕಿತ್ತು. ಸಾಗರದವರಿಗೆ ‘ಆಚೆ ಕಡೆ’ ಎಂದರೆ ಬೇರೆ ಅರ್ಥವೇ ಇಲ್ಲ. ಆದರೆ ಪೂರ್ಣೇಶ ತೀರ್ಥಹಳ್ಳಿ ಕಡೆಯವನು.

“ದಿನಾ ದಾಟ್ತಿದ್ರಾ ಸರ್?” ಅವನ ದನಿ ಇಳಿದಿತ್ತು.

“ದಿನಾ. ಕತ್ತಲಾದ್ರೆ ದಾಟೋಕೆ ಬಿಡ್ತಿರ್ಲಿಲ್ಲ. ಆಚೆನೇ ಯಾರದ್ದಾದ್ರೂ ಮನೇಲಿ ಮಲಗ್ತಿದ್ದೆ. ಒಳ್ಳೆ ಜನ, ಊಟ ಹಾಕೋರು.”

“ಆಚೆಯವ್ರು? ಊಟ ಹಾಕೋರಾ?”

“ಎಂತಕ್ಕೆ ಹಾಕಲ್ಲ. ಅವ್ರೂ ಮನುಷ್ಯರಲ್ವಾ.”

ಪೂರ್ಣೇಶನ ಕಣ್ಣು ತುಂಬಿತು. ಕೆರಿಯಪ್ಪ ಅದನ್ನು ಬಿಸಿಲಿಗೆ ಎಂದುಕೊಂಡು ಅವನನ್ನು ಜಗಲಿಗೆ ಕರೆದು ಕೂರಿಸಿದ.

“ಆಮೇಲೆ ಮೂರು ವರ್ಷ ಮೇಲೆ ಹಾಕಿದ್ರು. ಅಲ್ಲಿ ಮಂಜು ಅಂದ್ರೆ ಮಂಜು. ಎದುರಿಗೆ ಬಂದವ್ರು ನಮ್ಮವ್ರೋ ಬೇರೆಯವ್ರೋ ಗೊತ್ತಾಗ್ತಿರ್ಲಿಲ್ಲ.”

ಇದು ಜೋಗದ ವಿಷಯ. ಮಳೆಗಾಲದಲ್ಲಿ ಜೋಗದ ಕಣಿವೆಯಿಂದ ಏಳುವುದಕ್ಕೂ ಹಿಮಾಲಯದ ನೆತ್ತಿಯ ಮೇಲೆ ಬೀಳುವುದಕ್ಕೂ ಕನ್ನಡದಲ್ಲಿ ಒಂದೇ ಪದವಿರುವುದು ಕೆರಿಯಪ್ಪನ ತಪ್ಪಲ್ಲ.

“ಸರ್, ದಾಳಿ ಏನಾದ್ರೂ ಆಗಿತ್ತಾ, ನೀವಿದ್ದಾಗ?”

ಕೆರಿಯಪ್ಪ ಆಚೀಚೆ ನೋಡಿ ದನಿ ತಗ್ಗಿಸಿದ. “ಎರಡು ಸಲ. ಒಂದ್ಸಲ ಬೆಳಿಗ್ಗೆ ಹತ್ತೂವರೆಗೆ ನುಗ್ಗಿದ್ರು. ನಮ್ಮ ಸಾಹೇಬ್ರು ಹಿಂದಿನ ಬಾಗ್ಲಲ್ಲಿ ಓಡಿದ್ರು. ನಾನು ಜಾಗ ಬಿಡ್ಲಿಲ್ಲ.”

“ಹೆದರಿಕೆ ಆಗ್ಲಿಲ್ವಾ?”

“ನನ್ನ ಹತ್ರ ಎಂತ ಇತ್ತು ಹೆದರೋಕೆ? ಅವ್ರಿಗೂ ಟೀ ಮಾಡಿ ಕೊಟ್ಟೆ.”

“ದಾಳಿ ಮಾಡಿದವ್ರಿಗೆ?”

“ಬೆಳಿಗ್ಗೆಯಿಂದ ಎಂತ ತಿಂದಿರ್ಲಿಲ್ಲ ಪಾಪ.”

ಲಂಚದ ತನಿಖೆಯವರು ಕಚೇರಿಗೆ ನುಗ್ಗಿದರೂ ಶತ್ರು ಗಡಿಗೆ ನುಗ್ಗಿದರೂ ಪತ್ರಿಕೆಗಳಿಗೆ ಅದು ದಾಳಿಯೇ. ಪೂರ್ಣೇಶ ಎದ್ದು ಕೆರಿಯಪ್ಪನ ಎರಡೂ ಕೈ ಹಿಡಿದುಕೊಂಡ. “ಆಗಸ್ಟ್ ಹದಿನೈದಕ್ಕೆ ನಮ್ಮೂರಲ್ಲಿ ಜವಾನರಿಗೆ ಸನ್ಮಾನ ಇಟ್ಕೊಂಡಿದೀವಿ ಸರ್. ನೀವು ಬರ್ಲೇಬೇಕು. ನಿಮ್ಮ ಸೇವೆ ಬಗ್ಗೆ ಮೈಕಲ್ಲಿ ನಾಲ್ಕು ಮಾತಾಡ್ತೀವಿ.”

“ಮೈಕಲ್ಲಿ? ಜವಾನರ ಬಗ್ಗೆ?”

“ಜವಾನರ ಬಗ್ಗೆನೇ ಸರ್. ಬಾಗಿಲಲ್ಲಿ ನೀವು ಎಚ್ಚರ ಇರ್ತೀರಿ ಅಂತಲೇ ಅಲ್ವಾ ಒಳಗಿನವ್ರು ನೆಮ್ಮದಿಯಾಗಿ ನಿದ್ದೆ ಮಾಡೋದು?”

ಕಚೇರಿಯ ಒಳಗುಟ್ಟು ಇಷ್ಟು ಚೆನ್ನಾಗಿ ಈ ಹುಡುಗನಿಗೆ ಹೇಗೆ ಗೊತ್ತಾಯಿತೆಂದು ಕೆರಿಯಪ್ಪನಿಗೆ ಆಶ್ಚರ್ಯವಾಯಿತು. ಅವನು ಪಿಂಚಣಿ ಅರ್ಜಿಗೆಂದು ತೆಗೆಸಿದ್ದ ಫೋಟೋ ಒಂದನ್ನು ಕೊಟ್ಟು ಕಳಿಸಿದ.

ಸುದ್ದಿ ಸಂಜೆಯೊಳಗೆ ಹತ್ತು ಮನೆಗಳನ್ನು ಮುಟ್ಟಿತು. ಯಾವುದೋ ಊರಿನವರು ಜವಾನರನ್ನು ಹುಡುಕಿಕೊಂಡು ಬಂದು ಸನ್ಮಾನಿಸುತ್ತಾರೆಂಬುದನ್ನು ಪ್ರಾಂಶುಪಾಲರು ನಂಬಲಿಲ್ಲ. ನಂಬಿದ ಮೇಲೆ ಊಟ ಸರಿಯಾಗಿ ಮಾಡಲಿಲ್ಲ. ಅರಣ್ಯಾಧಿಕಾರಿಗಳು, “ಕಾಲ ಬದಲಾಗ್ತಿದೆ. ಒಳ್ಳೇದೇ,” ಎಂದು ಯಾರೂ ಕೇಳದಿದ್ದರೂ ಮೂವರಿಗೆ ಹೇಳಿದರು. ಯಮುನಮ್ಮ ಟ್ರಂಕಿನಿಂದ ಮದುವೆಯ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಅದನ್ನು ಉಡುವುದಾಗಿ ಅವಳು ಹೇಳಲಿಲ್ಲ. ಗಾಳಿಯಾಡಲಿ ಎಂದಷ್ಟೇ ಹೇಳಿದಳು.

ಆಗಸ್ಟ್ ಹತ್ತರಂದು ಕೆರಿಯಪ್ಪನ ಮೊಬೈಲಿಗೆ ಫ್ಲೆಕ್ಸಿನ ಚಿತ್ರ ಬಂತು.

ಎಡಗಡೆಯ ವೃತ್ತದಲ್ಲಿ ಸಮವಸ್ತ್ರದ ಸುರೇಂದ್ರ. ಬಲಗಡೆ ಕೆರಿಯಪ್ಪ. ಅವನ ಮುಖದ ಕೆಳಗೆ ಬೇರೆ ಯಾರದೋ ಎದೆ, ಹಸಿರು ಮಚ್ಚೆಯ ಅಂಗಿ, ಕೈಯಲ್ಲಿ ಬಂದೂಕು, ಬೆನ್ನ ಹಿಂದೆ ಹಿಮದ ಬೆಟ್ಟ. ಫೋಟೋ ಪಿಂಚಣಿಯದ್ದಾದ್ದರಿಂದ ಬಂದೂಕು ಹಿಡಿದಿದ್ದರೂ ಮುಖದಲ್ಲಿ ಅರ್ಜಿದಾರನ ಕಳೆಯೇ ಇತ್ತು.

ಯಮುನಮ್ಮ ಬಹಳ ಹೊತ್ತು ನೋಡಿ, “ಈ ಕುತ್ತಿಗೆ ಯಾರದ್ದು?” ಎಂದಳು.

ಕೆರಿಯಪ್ಪ ಮೊಬೈಲು ಹಿಡಿದು ಬೀದಿ ದಾಟಿದ. ಮುಕುಂದಯ್ಯನವರು ನೋಡಿದರು, ನಿಘಂಟು ತೆಗೆದರು, ಮುಚ್ಚಿದರು.

“ಅವರು ನಿನ್ನನ್ನ ಸೈನಿಕ ಅಂದ್ಕೊಂಡಿದಾರೆ ಕೆರಿಯಪ್ಪ. ಬೋರ್ಡಲ್ಲಿ ಜವಾನ ಅಂತ ಇತ್ತಲ್ಲ. ಪದ ಒಂದೇ. ಮೊದಲು ತರುಣ, ಆಮೇಲೆ ಸಿಪಾಯಿ, ಆಮೇಲೆ ಕಚೇರಿ ಆಳು. ಮೂರಕ್ಕೂ ಅದೇ. ನೀನು ಹೋಗಿ ಕೂತ್ಕೊಂಡ್ರೂ ವ್ಯಾಕರಣದ ದೋಷ ಏನೂ ಇಲ್ಲ.”

“ದೋಷ ಇಲ್ದಿದ್ರೆ ಈ ಫೋಟೋ ನೋಡೋಕೆ ನಾಚಿಕೆ ಎಂತಕ್ಕೆ ಆಗ್ತದೆ ಪಂಡಿತ್ರೇ?”

“ಅದು ವ್ಯಾಕರಣಕ್ಕೆ ಸೇರಿದ್ದಲ್ಲ.”

ಕೆರಿಯಪ್ಪ ಆಗಲೇ ಪೂರ್ಣೇಶನಿಗೆ ಫೋನ್ ಮಾಡಿದ. ಗುಬ್ಬಿಗದ್ದೆಯಲ್ಲಿ ನೀರಿನ ಟ್ಯಾಂಕಿನ ಮೇಲೆ ಹತ್ತಿದರೆ ಮಾತ್ರ ಸಿಗ್ನಲ್ಲು. ಪೂರ್ಣೇಶ ಹತ್ತಿದ, ಆದರೆ ಅಲ್ಲಿ ಗಾಳಿ.

“ಕೇಳಿ ಮಾರಾಯ್ರೆ, ನಾ ಅಂಥ ಜವಾನ ಅಲ್ಲ.”

“ಸರ್?”

“ನಾ ಅಂಥ ಜವಾನ ಅಲ್ಲ. ನಾ ಆಫೀಸ್‌ ಜವಾನ.”

“ಆಫೀಸರಾ?”

“ಆಫೀಸು, ಆಫೀಸು.”

“ಹೋ, ಆಫೀಸರ್ ಆಗಿದ್ರಾ ಸರ್? ತಪ್ಪಾಯ್ತು ಸರ್. ಈಗ್ಲೇ ತಿದ್ದಿಸ್ತೀನಿ ಸರ್.” ಫೋನು ಕಡಿಯಿತು. ಮಾರನೆಯ ದಿನ ಬಂದ ಹೊಸ ಚಿತ್ರದಲ್ಲಿ ಕೆರಿಯಪ್ಪನ ಭುಜದ ಮೇಲೆ ಮೂರು ನಕ್ಷತ್ರಗಳು ಮೂಡಿದ್ದವು.

ಇನ್ನೊಂದು ಸಲ ಫೋನ್ ಮಾಡಲು ಅವನಿಗೆ ಧೈರ್ಯವಾಗಲಿಲ್ಲ. ಏನೇನು ಅಂಟಿಸುತ್ತಾರೋ.

“ಹೋಗಿ ಎದುರಿಗೇ ಹೇಳಿ ಬರೋದು,” ಎಂದಳು ಯಮುನಮ್ಮ. “ಆ ಫೋಟೋ ಇಳಿಸ್ಬೇಕಲ್ಲ. ನಾನೂ ಬರ್ತೀನಿ.”

ಹದಿನೈದರಂದು ಅವರು ಕೋಣಂದೂರಿನಲ್ಲಿ ಬಸ್ಸಿಳಿದಾಗ ಮಧ್ಯಾಹ್ನ ಎರಡು ಗಂಟೆ. ಕೆರಿಯಪ್ಪನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಆದರೆ ಸಂಘದವರು ಜೀಪಿನಲ್ಲಿ ಬಂದಿದ್ದರು, ಡೊಳ್ಳು ತಂದಿದ್ದರು. ಡೊಳ್ಳಿನ ಎದುರು ತಪ್ಪೊಪ್ಪಿಕೊಳ್ಳುವುದು ಸುಲಭವಲ್ಲ. ಸಭಾಭವನದ ಮೆಟ್ಟಿಲ ಮೇಲೆ ಸಿಕ್ಕ ಮೊದಲ ನಿಶ್ಶಬ್ದದಲ್ಲಿ ಅವನು ಪೂರ್ಣೇಶನ ತೋಳು ಹಿಡಿದ.

“ನೋಡಿ, ನಾ ಬರೀ ಜವಾನ.”

ಪೂರ್ಣೇಶ ಸುತ್ತಲಿನವರ ಕಡೆ ತಿರುಗಿದ. “ಕೇಳಿದ್ರಾ? ಆಫೀಸರ್ ಆಗಿದ್ದವ್ರು, ಬರೀ ಜವಾನ ಅಂತಿದಾರೆ. ಈ ವಿನಯ ನಮ್ಮಲ್ಲಿ ಯಾರಿಗಿದೆ?”

ಯಾರಿಗೂ ಇರಲಿಲ್ಲವಾದ್ದರಿಂದ ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಕೆರಿಯಪ್ಪನಿಗೆ ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ಇಟ್ಟರು. ಅದು ಹುಬ್ಬಿನವರೆಗೆ ಇಳಿಯಿತು. ಅವನನ್ನು ವೇದಿಕೆಯ ಮೇಲೆ ಸುರೇಂದ್ರರ ಪಕ್ಕದಲ್ಲಿ ಕೂರಿಸಿದರು. ಸುರೇಂದ್ರರದು ದೊಡ್ಡ ಮೀಸೆ, ಎದೆಯ ಮೇಲೆ ಎರಡು ಪದಕ. ಅವರು ಕೆರಿಯಪ್ಪನಿಗೆ ತಲೆ ಬಾಗಿಸಿದರು, ಮಾತಾಡಲಿಲ್ಲ. ಮೂರು ನಕ್ಷತ್ರದವರ ಜೊತೆ ತಾವಾಗಿ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ಮೂರನೆಯ ಸಾಲಿನಲ್ಲಿ ಮದುವೆಯ ಸೀರೆಯುಟ್ಟ ಯಮುನಮ್ಮ ಗಂಡನನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಒಂದೇ ಅರ್ಥವಿತ್ತು: ಇನ್ನೂ ಹೇಳಿಲ್ಲ.

ಮುಖ್ಯ ಅತಿಥಿ ತಡವಾಗಿದ್ದರು. ಅಷ್ಟರಲ್ಲಿ ಪೂರ್ಣೇಶ ಪರಿಚಯ ಓದಿದ. ಶತ್ರುವಿನ ನೆಲಕ್ಕೆ ಏಳು ವರ್ಷ ಪ್ರತಿದಿನ ದಾಟಿ, ಪ್ರತಿ ಸಂಜೆ ಮರಳಿದ ವೀರ. ಅಧಿಕಾರಿಗಳೇ ಪಲಾಯನ ಮಾಡಿದಾಗಲೂ ಏಕಾಂಗಿಯಾಗಿ ನಿಂತು, ದಾಳಿಕೋರರಿಗೆ ಚಹಾ ನೀಡಿ, ಅವರ ಮನಃಪರಿವರ್ತನೆ ಮಾಡಿದ ಮಹಾನುಭಾವ. ಮುಂದಿನ ಸಾಲಿನ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡರು. ಮೈಕಿನಲ್ಲಿ ತನ್ನ ಬಗ್ಗೆ ಇಷ್ಟು ಮಾತು ಬರುತ್ತಿದ್ದರೂ ಅದರಲ್ಲಿ ತನ್ನದು ಒಂದೂ ಇಲ್ಲವಲ್ಲ ಎಂದು ಕೆರಿಯಪ್ಪ ಪೇಟದ ಒಳಗೆ ಬೆವರಿದ.

ಆಗ ಮುಖ್ಯ ಅತಿಥಿ ಬಂದರು. ತೀರ್ಥಹಳ್ಳಿಯ ಅಧಿಕಾರಿ ಯಶೋಧಾ ಮೇಡಂ.

ಯಶೋಧಾ ಮೇಡಂ ಹಿಂದೆ ಸಾಗರದಲ್ಲಿದ್ದರು. ನಾಲ್ಕು ವರ್ಷ ಅವರ ಕೋಣೆಯ ಬಾಗಿಲಲ್ಲಿ ಕೂತಿದ್ದವನು ಕೆರಿಯಪ್ಪ.

ಅವರು ಕಿವಿಗೆ ಫೋನ್ ಹಿಡಿದುಕೊಂಡೇ ವೇದಿಕೆ ಹತ್ತಿದರು. ಮಾತಾಡುತ್ತಲೇ ಕೂತರು. ಮಾತಾಡುತ್ತಲೇ, ಯಾರ ಕಡೆಗೂ ನೋಡದೆ, ಎಡಗೈಯಿಂದ ಬ್ಯಾಗನ್ನು ಹೊರಗೆ ಚಾಚಿದರು. ಹಳೆಯ ಅಭ್ಯಾಸ.

ಮೂರು ಕುರ್ಚಿ ಆಚೆಯಿಂದ ಪೇಟ ಎದ್ದಿತು. ಕೆರಿಯಪ್ಪ ಬಂದು ಬ್ಯಾಗು ತೆಗೆದುಕೊಂಡ, ಕುರ್ಚಿಯ ಬಲಗಡೆಗೆ ನೇತುಹಾಕಿದ. ಜಗ್ಗಿನಿಂದ ಲೋಟಕ್ಕೆ ಮುಕ್ಕಾಲು ಭಾಗ ನೀರು ಬಗ್ಗಿಸಿ, ಮೇಲೊಂದು ತಟ್ಟೆ ಮುಚ್ಚಿ, ಅವರ ಬಲಗೈಗೆ ಸಿಗುವಂತೆ ಇಟ್ಟ. ಫ್ಯಾನನ್ನು ಅವರ ಕಡೆಗೆ ತಿರುಗಿಸಿದ. ಎರಡು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ ನಿಂತ.

ಮಾಡಿನ ಮೇಲೆ ಮಳೆ ಬೀಳುತ್ತಿತ್ತೆಂಬುದು ಎಲ್ಲರಿಗೂ ಆಗಲೇ ಗೊತ್ತಾದದ್ದು.

ಮೇಡಂ ಒಂದು ಗುಟುಕು ಕುಡಿದು ಫೋನ್ ಇಟ್ಟು ತಲೆಯೆತ್ತಿದರು. “ಕೆರಿಯಪ್ಪ? ನೀನೇನೋ ಇಲ್ಲಿ, ಪೇಟ ಹಾಕ್ಕೊಂಡು?”

ಅವರ ಮುಂದಿನ ಮೈಕು ಚಾಲೂ ಇತ್ತು.

“ಮೇಡಂ,” ಎಂದ ಕೆರಿಯಪ್ಪ, ಅದೇ ಮೈಕಿಗೆ ಬಾಗಿ, “ಇವ್ರು ಬೇರೆ ಜವಾನ ಅಂದ್ಕೊಂಡಿದಾರೆ. ಹೇಳೋಕೆ ನೋಡ್ದೆ, ಆಗ್ಲಿಲ್ಲ. ನಾ ಸೈನ್ಯದವ್ನಲ್ಲ. ಕಚೇರಿಯವ್ನು. ಬೆಲ್ ಹೊಡೆದ್ರೆ ಬರೋನು.”

ಹಿಂದಿನ ಸಾಲಿನಿಂದ ಯಾರೋ ಕೇಳಿದರು. “ಹಂಗಾದ್ರೆ ಆ ಶತ್ರುವಿನ ನೆಲ?”

“ತುಮರಿ.”

“ಮಂಜು?”

“ಜೋಗ.”

“ದಾಳಿ?”

“ಅದು ಬೇಡ,” ಎಂದರು ಮೇಡಂ.

ನಗು ಮೊದಲು ಹಿಂದಿನ ಸಾಲಿನಲ್ಲಿ ಎದ್ದಿತು, ಆಮೇಲೆ ಎಲ್ಲ ಕಡೆ. ಪೂರ್ಣೇಶ ಮಾತ್ರ ನಗಲಿಲ್ಲ. ಅವನು ಫ್ಲೆಕ್ಸಿನ ಬಲಗಡೆಯ ವೃತ್ತವನ್ನೇ ನೋಡುತ್ತಾ ನಿಂತಿದ್ದ. ಕೆರಿಯಪ್ಪ ಪೇಟ ತೆಗೆದು ಮೇಜಿನ ಮೇಲಿಟ್ಟ. ಶಾಲನ್ನು ನಾಲ್ಕು ಮಡಿಕೆ ಮಾಡಿ ಪೇಟದ ಪಕ್ಕದಲ್ಲಿಟ್ಟ. ಮೆಟ್ಟಿಲ ಕಡೆ ಹೊರಟವನ ಮಣಿಕಟ್ಟನ್ನು ಸುರೇಂದ್ರ ಹಿಡಿದರು.

“ಕೂತ್ಕೊಳ್ಳಿ.”

“ಅಲ್ಲ ಮಾರಾಯ್ರೆ, ನಾ...”

“ಕೂತ್ಕೊಳ್ಳಿ ಅಂದೆ.” ಅದು ಆಜ್ಞೆಯಂತಿತ್ತು. ಕೆರಿಯಪ್ಪ ಆಜ್ಞೆ ಮೀರಿ ಗೊತ್ತಿಲ್ಲದವನು, ಕೂತ.

ಮೇಡಂ ಭಾಷಣಕ್ಕೆ ಎದ್ದರು. ಸುರೇಂದ್ರ ಮುಂದೆ ನೋಡುತ್ತಲೇ, ಮೀಸೆಯಡಿಯಿಂದ ಮಾತಾಡಿದರು.

“ಬ್ಯಾಗು ಬಲಕ್ಕೆ ಹಾಕಿದ್ರಲ್ಲ, ಕಂಡೆ. ಇಪ್ಪತ್ತು ವರ್ಷದ ಸರ್ವೀಸಲ್ಲಿ ಹದಿನಾಲ್ಕು ವರ್ಷ ನಾ ಮಾಡಿದ್ದೂ ಇದೇ. ಕರ್ನಲ್ ಸಾಹೇಬ್ರ ಬೂಟು, ಸಾಹೇಬ್ರ ಟೀ, ಅಮ್ಮಾವ್ರ ನಾಯಿ. ಊರಲ್ಲಿ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ.”

ಕೆರಿಯಪ್ಪ ಆ ಮನುಷ್ಯನ ಪದಕಗಳನ್ನು ನೋಡಿದ, ಕೈಗಳನ್ನು ನೋಡಿದ. ಸಮಾಧಾನದ ಮಾತು ಅವನಿಗೆ ಬರುತ್ತಿರಲಿಲ್ಲ.

“ಬೆಲ್ ಹೊಡೀತಿದ್ರಾ, ಕೂಗ್ತಿದ್ರಾ?” ಎಂದು ಕೇಳಿದ.

“ಬೆಲ್ಲು.”

“ನಮ್ದೂ ಬೆಲ್ಲೇ. ಒಂದ್ಸಲ ಹೊಡೆದ್ರೆ ಟೀ, ಎರಡ್ಸಲ ಹೊಡೆದ್ರೆ ಫೈಲು.”

“ಮೂರು ಸಲ ಅಂದ್ರೆ ಸಿಟ್ಟು ಬಂದಿದೆ ಅಂತ.”

“ಎಲ್ಲ ಕಡೆನೂ ಹಂಗೇ ಹಂಗಾದ್ರೆ,” ಎಂದ ಕೆರಿಯಪ್ಪ. ಸುರೇಂದ್ರರ ಮೀಸೆ ಮೊದಲ ಸಲ ಅಲುಗಿತು. ಟ್ರೇಯನ್ನು ಒಂದೇ ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಬಾಗಿಲು ತೆಗೆಯುವುದು ಹೇಗೆ, ಹಾಲು ಒಡೆದ ದಿನ ಸಾಹೇಬರ ಎದುರು ಹೇಗೆ ನಿಲ್ಲಬೇಕು, ಟೀ ಬೇಡ ಎಂದವರಿಗೆ ನಿಜವಾಗಿ ಬೇಕೋ ಬೇಡವೋ ತಿಳಿಯುವುದು ಹೇಗೆ ಎಂದೆಲ್ಲ ಮಾತು ಹೊರಟಿತು. ಇಬ್ಬರ ತಲೆಗಳೂ ಹತ್ತಿರವಾದವು. ಎಲ್ಲೋ ಒಮ್ಮೆ ಸಭೆಯಲ್ಲಿ ಜೋರಾಗಿ ಚಪ್ಪಾಳೆ ಬಿತ್ತು. ಬಹಳ ಹೊತ್ತು ಬಿತ್ತು. ಯಾರಿಗೆಂದು ಗೊತ್ತಿಲ್ಲದಿದ್ದರೂ ಕೆರಿಯಪ್ಪ ತಾನೂ ಶ್ರದ್ಧೆಯಿಂದ ತಟ್ಟಿದ.

ವಾಪಸಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಯಮುನಮ್ಮ, ಅವಳ ಪಕ್ಕ ಕೆರಿಯಪ್ಪ. ತೊಡೆಯ ಮೇಲೆ ಶಾಲು. ಪೂರ್ಣೇಶ ಅದನ್ನು ವಾಪಸು ತೆಗೆದುಕೊಳ್ಳಲು ಒಪ್ಪಿರಲಿಲ್ಲ. “ಇರ್ಲಿ ಬಿಡಿ ಸರ್, ಫ್ಲೆಕ್ಸಲ್ಲಿ ಹಾಕಿದ್ದು ಜವಾನರಿಗೆ ಅಂತಲೇ ಅಲ್ವಾ,” ಎಂದಿದ್ದ.

“ಮೇಡಂ ಎಂತ ಮಾತಾಡಿದ್ರು?” ಎಂದು ಕೆರಿಯಪ್ಪ ಕೇಳಿದ.

ಯಮುನಮ್ಮ ತಿರುಗಿ ನೋಡಿದಳು. “ನೀವು ಕೇಳ್ಲಿಲ್ವಾ?”

“ಸುರೇಂದ್ರ ಅವ್ರು ಟ್ರೇ ವಿಷ್ಯ ಹೇಳ್ತಿದ್ರು.”

“ಮೇಡಂ ನಿಮ್ಮ ಬಗ್ಗೆ ಹೇಳಿದ್ರು. ಮೈಕಲ್ಲಿ.”

ಕೆರಿಯಪ್ಪನ ಬಾಯಿ ತೆರೆದೇ ಇತ್ತು. ಯಮುನಮ್ಮ ಕಿಟಕಿಯ ಹೊರಗೆ ನೋಡತೊಡಗಿದಳು. ಹುಂಚ ದಾಟುವವರೆಗೂ ಅವಳು ಮಾತಾಡಲಿಲ್ಲ. ಅಷ್ಟು ಶಿಕ್ಷೆ ಅವನಿಗೆ ಸಲ್ಲಬೇಕಿತ್ತು. ಆಮೇಲೆ, ಗಾಜಿನ ಮೇಲಿನ ನೀರಹನಿಗಳಿಗೆ ಹೇಳುವಂತೆ, ಮೆಲ್ಲಗೆ ಹೇಳಿದಳು.

“ಕೆರಿಯಪ್ಪ ಬಾಗಿಲಲ್ಲಿ ಇದ್ದಷ್ಟು ವರ್ಷ ನಮ್ಮ ಕಚೇರಿಗೆ ಬಂದ ಮುದುಕ್ರು ಯಾರೂ ನಿಂತ್ಕೊಂಡು ಕಾಯ್ಲಿಲ್ಲ ಅಂದ್ರು. ಬೆಂಚು ತುಂಬಿದ್ರೆ ತನ್ನ ಸ್ಟೂಲು ಬಿಟ್ಟುಕೊಟ್ಟು, ತಾನು ದಿನವಿಡೀ ನಿಂತಿರ್ತಿದ್ದ ಅಂದ್ರು.”

“ಮೇಡಂ ಅದನ್ನ ಕಂಡಿದ್ರಾ?”

“ಕಂಡಿದ್ರಂತೆ.”

“ಒಳಗೆ ಕೂತು?”

“ಒಳಗೆ ಕೂತು.”

ಸ್ವಲ್ಪ ದೂರ ಹೋದ ಮೇಲೆ ಅವನು, “ಇನ್ನೊಂದ್ಸಲ ಹೇಳು,” ಎಂದ. ಅವಳು ಹೇಳಿದಳು. ‘ಯಾರೂ’ ಎಂದರೋ ‘ಹೆಚ್ಚಿನವರು’ ಎಂದರೋ ಎಂದು ಅವನು ವಿಚಾರಿಸಿದ. ಯಾರೂ ಎಂದೇ ಎಂದಳು.

ರಿಪ್ಪನ್‌ಪೇಟೆಯಲ್ಲಿ ಬಸ್ಸು ತುಂಬಿತು. ಮೊಣಕಾಲು ನೋವಿನ ಮುದುಕಿಯೊಬ್ಬಳು ಕಂಬಿ ಹಿಡಿದು ಹತ್ತಿದಳು. ಕೆರಿಯಪ್ಪ ಆಗಲೇ ಎದ್ದಿದ್ದ. ಎದ್ದದ್ದು ಅವನಿಗೇ ಗೊತ್ತಾದಂತಿರಲಿಲ್ಲ. ಮುದುಕಿ ಯಮುನಮ್ಮನ ಪಕ್ಕ ಕೂತಳು. ಜನ ಅವನನ್ನು ತಳ್ಳಿ ತಳ್ಳಿ ಡ್ರೈವರಿನ ಹಿಂದಿನವರೆಗೂ ಒಯ್ದರು. ಅಲ್ಲಿಂದ ಅವನು ಕಂಬಿಗೆ ಜೋತುಬಿದ್ದು, ಕತ್ತು ಉದ್ದ ಮಾಡಿ, ಹೆಂಡತಿಯ ಕಡೆ ನೋಡಿ, ಒಂದು ಬೆರಳೆತ್ತಿದ. ಇನ್ನೊಂದು ಸಲ.

ಯಮುನಮ್ಮ ತಲೆಯಾಡಿಸಿದಳು, ಆಗದು ಎಂದು. ಬಸ್ಸಿನಲ್ಲಿ ಅರವತ್ತು ಜನ.

ಬೆರಳು ಇಳಿಯಲಿಲ್ಲ.

ಮೂವತ್ತೈದು ವರ್ಷದ ಸಂಸಾರದಲ್ಲಿ ಹೊರಗಿನವರ ಎದುರು ದನಿಯೆತ್ತದ ಯಮುನಮ್ಮ, ಮದುವೆಯ ಸೀರೆಯ ಸೆರಗು ಸರಿಮಾಡಿಕೊಂಡು, ಮುಂದಿನ ಸೀಟಿನ ಕಂಬಿ ಹಿಡಿದು ಎದ್ದು ನಿಂತಳು.

“ಮುದುಕ್ರು ಯಾರೂ ನಿಂತ್ಕೊಂಡು ಕಾಯ್ಲಿಲ್ಲ ಅಂದ್ರು,” ಎಂದು ಕೂಗಿದಳು. “ತನ್ನ ಸ್ಟೂಲು ಬಿಟ್ಟುಕೊಡ್ತಿದ್ದ ಅಂದ್ರು. ಕೇಳ್ತಾ?”

ಕೊನೆಯ ಸೀಟಿನವರಿಗೂ ಕೇಳಿಸಿತು. ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ, ಯಾರ ವಿಷಯ ಎಂದು ಕೇಳಿದ. ಜನರೆಲ್ಲ ಅವಳ ಕಣ್ಣು ಹೋದ ಕಡೆ ತಿರುಗಿ, ಮುಂದೆ ಒಂದೇ ಕೈಯಲ್ಲಿ ಜೋತಾಡುತ್ತಿದ್ದ ಮನುಷ್ಯನನ್ನು ನೋಡಿದರು.

“ನಮ್ಮನೆಯವ್ರದ್ದು,” ಎಂದಳು ಯಮುನಮ್ಮ. “ಜವಾನ ಆಗಿದ್ರು. ಆಫೀಸಲ್ಲಿ.”